ಎಡಗೈಗೆ ಒಂದು ಕಾವು

ಮದುವೆ ಮುರಿದ ಮೇಲೆ ಅವಳು ಆ ಮನೆಯ ಬೀಗದಕೈ ವಾಪಸು ಕೊಟ್ಟಳು, ತನ್ನ ಪಾತ್ರೆ ಪಡಗ ತಂದುಕೊಂಡಳು. ಗಂಡನಾಗಿದ್ದವನ ತಂದೆಯನ್ನು ಮಾವ ಎಂದು ಕರೆಯುವುದನ್ನು ಮಾತ್ರ ಬಿಡಲಿಲ್ಲ. ಬೇರೆ ಏನೆಂದು ಕರೆಯಬೇಕೋ ಅವಳಿಗೆ ತೋಚಲಿಲ್ಲ, ಅವರೂ ಹೇಳಲಿಲ್ಲ. ರಜೆಯ ದಿನ ಹೋಗಿ ಹಿತ್ತಿಲ ಕಟ್ಟೆಯ ಮೇಲೆ ಕುಳಿತು ಅದೂ ಇದೂ ಮಾತಾಡಿ, ಅವರ ಮಗ ಕೆಲಸದಿಂದ ಬರುವ ಮೊದಲೇ ಹೊರಡುತ್ತಿದ್ದಳು.

ಅವಳದು ಹಲ್ಲಿನ ಸೆಟ್ ಮಾಡುವ ಕೆಲಸ. ಮಾವ ಬಡಗಿ, ಆ ಬೀದಿಯ ಎಷ್ಟೋ ಬಾಗಿಲು ಕಿಟಕಿಗಳು ಅವರ ಕೈಯಲ್ಲೇ ಆದವು. ಲಕ್ವ ಹೊಡೆದು ಬಲಗೈ ಸ್ವಾಧೀನ ತಪ್ಪಿತು. ಅವರಿನ್ನೂ ಆಸ್ಪತ್ರೆಯಲ್ಲಿರುವಾಗಲೇ ಮಗ ಉಳಿ, ಗರಗಸ, ಕೀಸುಳಿಗಳನ್ನೆಲ್ಲ ಪೆಟ್ಟಿಗೆ ಸಮೇತ ಮರಗೆಲಸ ಕಲಿಸುವ ಶಾಲೆಯೊಂದಕ್ಕೆ ಕೊಟ್ಟುಬಿಟ್ಟ. ಕಣ್ಣೆದುರಿಗಿದ್ದರೆ ಅಪ್ಪ ಕೊರಗುತ್ತಾರೆ ಎಂದು ಅವನು ಎಣಿಸಿದ್ದ. ಮನೆಗೆ ಬಂದ ಮಾವ ಖಾಲಿ ಮೂಲೆ ನೋಡಿದರು. ಡಾಕ್ಟರು ಹಿಸುಕಲು ಕೊಟ್ಟ ರಬ್ಬರ್ ಚೆಂಡನ್ನು ಕಿಟಕಿಯ ಮೇಲಿಟ್ಟರು. ಅದು ಅಲ್ಲೇ ಧೂಳು ತಿಂದಿತು.

ಒಂದು ದಿನ ಅವಳು ಕೈ ತೊಳೆಯಲು ಹೋದಾಗ ನೀರಿನ ಡ್ರಮ್ಮಿನ ಹಿಂದೆ ಕಾಲಿಗೆ ಏನೋ ತಾಗಿತು. ಎತ್ತಿ ನೋಡಿದರೆ ಕೈಗೊಡಲಿ. ಅಂಗೈಯಗಲದ್ದು, ತುಕ್ಕು ಹಿಡಿದು ಹಕ್ಕಳೆ ಎದ್ದಿತ್ತು. ಹಿಡಿಯುವ ಮರದ ಕಾವು ಮುರಿದು ಮೋಟು ಉಳಿದಿತ್ತು.

“ಮಾವ, ಇದೊಂದು ಬಿಟ್ಟುಹೋಗಿದೆ.”

“ಅದನ್ಯಾರು ತಗೋತಾರೆ? ಗುಜರಿಗೆ ಹಾಕು.” ಹಾಗೆಂದವರು ಕೈ ಚಾಚಿ ಇಸಕೊಂಡು ಉಗುರಿನಿಂದ ತುಕ್ಕು ಕೆರೆದರು. “ನಾನು ಕೆಲಸ ಕಲಿಯೋವಾಗ ಹಳೇ ಸಾಮಾನಿನ ಸಂತೇಲಿ ತಗೊಂಡಿದ್ದು. ಆಗಲೇ ಇದು ಹಣ್ಣಣ್ಣು ಮುದುಕ. ಆದ್ರೆ ಕಬ್ಬಿಣ ಒಳ್ಳೇದು ಕಣಮ್ಮ.”

“ನಾನು ಸರಿ ಮಾಡ್ಲಾ?”

“ನೀನು ಬಾಯೊಳಗಿನ ಕೆಲಸದೋಳು.”

“ಕೊಡಲಿಗೂ ಬಾಯಿ ಇದೆಯಲ್ಲ!”

ಮಾವ ಕೊಡಲಿಯನ್ನು ಅವಳ ಕೈಗೆ ಕೊಟ್ಟರು.

ಕೆಲಸದ ಕೋಣೆಯಲ್ಲಿ ಅವಳು ಅದನ್ನು ವಿನೆಗರ್‌ನಲ್ಲಿ ನೆನೆಹಾಕಿದಳು. ಜೊತೆಯವರು ಬಗ್ಗಿ ನೋಡಿ, ಯಾರ ದವಡೆ ಹಲ್ಲು ಎಂದು ನಕ್ಕರು. ತಂತಿ ಬ್ರಷ್‌ನಿಂದ ತಿಕ್ಕಿದಾಗ ತುಕ್ಕು ಕೆಸರಿನಂತೆ ಇಳಿದು ಕೆಳಗಿನ ಕಪ್ಪು ಲೋಹ ಕಾಣಿಸಿತು. ಅಲ್ಲಲ್ಲಿ ಸಿಡುಬಿನ ಕಲೆಯಂಥ ಗುಳಿಗಳು ಉಳಿದವು. ಅವುಗಳ ತಂಟೆಗೆ ಹೋಗಬೇಡ ಎಂದು ಮಾವ ಫೋನಿನಲ್ಲಿ ಹೇಳಿದರು. ಮೆಷಿನ್ನಿಗೆ ಹಿಡಿಯಲೂ ಬಿಡಲಿಲ್ಲ: “ಕಾಯಿಸಿದ್ರೆ ಬಾಯಿ ಮೆತ್ತಗಾಗುತ್ತೆ. ಅರದಲ್ಲಿ ಉಜ್ಜು, ಆಮೇಲೆ ಸಾಣೆಕಲ್ಲು. ಅರ್ಜೆಂಟಿದ್ರೆ ಮುಟ್ಟಲೇಬೇಡ.” ಅವಳಿಗೆ ಅರ್ಜೆಂಟಿರಲಿಲ್ಲ. ಸಂಜೆ ಮನೆಗೆ ಹೋದರೂ ಕಾಯುವವರಿರಲಿಲ್ಲ.

ಕಾವು ಕೂರಿಸುವುದು ಸುಲಭವಾಗಲಿಲ್ಲ. ಅಂಗಡಿಯಿಂದ ತಂದ ಮರದ ತುಂಡನ್ನು ಮಾವನ ಮಾತು ಕೇಳದೆ ತಾನೇ ಕೂರಿಸಿ, ಬೆಣೆ ಹೊಡೆದು, ಹಿತ್ತಿಲಲ್ಲಿ ಜಂಬದಿಂದ ಬೀಸಿದಳು. ಕೊಡಲಿಯ ತಲೆ ಕಳಚಿ ಹಾರಿ ಪಕ್ಕದ ಮನೆಯವರ ಬಕೆಟ್ಟಿಗೆ ದುಡುಂ ಎಂದು ಬಿತ್ತು. ಪುಣ್ಯಕ್ಕೆ ಅಲ್ಲಿ ಯಾರೂ ಇರಲಿಲ್ಲ. ಅವಳ ಮುಖ ಬಿಳಿಚಿಕೊಂಡಿತು. ಮಾವ ಮಾತ್ರ ಕೆಮ್ಮು ಬರುವಷ್ಟು ನಕ್ಕರು. ಕಾಯಿಲೆಯಾದ ಮೇಲೆ ಅವರು ಹಾಗೆ ನಕ್ಕದ್ದನ್ನು ಅವಳು ನೋಡಿರಲಿಲ್ಲ.

ಎರಡನೆಯ ಸಲಕ್ಕೆ ಮುರಿದ ಮಂಚದ ಕಾಲು ಸಿಕ್ಕಿತು. ಮರದ ಎಳೆ ನೆಟ್ಟಗೆ ಓಡುತ್ತದೆಯೇ ಎಂದು ಮಾವ ಬೆಳಕಿಗೆ ಹಿಡಿದು ನೋಡಿ ಆಗಬಹುದೆಂದು ತಲೆಯಾಡಿಸಿದರು. ಆಗ ಅವಳಿಗೊಂದು ಉಪಾಯ ಹೊಳೆಯಿತು. ವಸಡಿನ ಅಚ್ಚಿಗೆ ಬಳಸುವ ಗುಲಾಬಿ ಮೇಣವನ್ನು ಬೆಚ್ಚಗೆ ಮಾಡಿ ಒಂದು ಕೋಲಿಗೆ ಸುತ್ತಿ ಅವರ ಎಡಗೈಗೆ ಕೊಟ್ಟಳು.

“ಗಟ್ಟಿಯಾಗಿ ಹಿಡ್ಕೊಳ್ಳಿ.”

“ಎಡಗೈಗ್ಯಾಕೆ?”

“ಮತ್ತೆ ಯಾರು ಹಿಡಿಯೋದು, ನಾನಾ?”

ಮಾವ ಅವಳನ್ನೇ ನೋಡಿದರು. ಆಮೇಲೆ ಹಿಡಿದರು. ಮೇಣದಲ್ಲಿ ನಾಲ್ಕು ಬೆರಳೂ ಹೆಬ್ಬೆರಳೂ ಮೂಡಿದವು. ಅದನ್ನು ಎದುರಿಗಿಟ್ಟುಕೊಂಡು ಅವಳು ಗಿಡ್ಡನೆಯ ಕಾವನ್ನು ಅರದಿಂದ ಉಜ್ಜಿ ಉಜ್ಜಿ ಆ ಹಿಡಿತಕ್ಕೆ ತಂದಳು. ಬೆಣೆಯನ್ನು ಎಲ್ಲಿ, ಎಷ್ಟು ಹೊಡೆಯಬೇಕೆಂದು ಈ ಸಲ ಮಾವನ ಬಾಯಿಂದಲೇ ಕೇಳಿಕೊಂಡಳು. ಅಗಸೆ ಎಣ್ಣೆ ಸವರಿ ಒಣಗಲು ಬಿಟ್ಟಳು.

ಎಣ್ಣೆ ಒಣಗಿದ ಮೇಲೆ ಒಲೆಯ ಮೊದಲ ಕಟ್ಟಿಗೆಯನ್ನು ಮಾವ ಗೋಡೆಗೆ ಒರಗಿಸಿ ನಿಲ್ಲಿಸಿ, ಕೊಡಲಿಯ ಬಾಯನ್ನು ಮೆಲ್ಲಗೆ ಕಚ್ಚಿಸಿದರು. ಕಚ್ಚಿದ ಕಟ್ಟಿಗೆಯನ್ನು ಕೊಡಲಿ ಸಮೇತ ಎತ್ತಿ ಮರದ ಕೊರಡಿನ ಮೇಲೆ ಕುಕ್ಕಿದರು. ಅದು ಎರಡಾಗಿ ಸೀಳಿತು. ಇನ್ನೊಂದು, ಮತ್ತೊಂದು. ಮಗ ಹಿತ್ತಿಲಿಗೆ ಬಂದದ್ದು ಇಬ್ಬರಿಗೂ ಗೊತ್ತಾಗಲಿಲ್ಲ. ಅವನು ಆ ದಿನ ಬೇಗ ಬಂದಿದ್ದ.

“ಅಪ್ಪಾ! ಕೆಳಗಿಡು ಅದನ್ನ. ನಿನಗಾದ್ರೂ ಬುದ್ಧಿ ಬೇಡ್ವಾ?” ಎರಡನೆಯ ಮಾತು ಅವಳಿಗೆ. “ಕಾಲಿಗೆ ಹಾಕ್ಕೊಂಡ್ರೆ ಆಸ್ಪತ್ರೆಗೆ ಓಡೋನು ನಾನು.”

ಅವಳು ಚೀಲ ಎತ್ತಿಕೊಂಡಳು. ಮಾವ ಕೊಡಲಿ ಕೆಳಗಿಡಲಿಲ್ಲ.

“ನನ್ನ ಸಾಮಾನು ಕೊಡೋವಾಗ ನನ್ನನ್ನ ಕೇಳಿದ್ಯಾ?”

“ನೀನು ಆಸ್ಪತ್ರೇಲಿದ್ದೆ. ನಿನ್ನ ಒಳ್ಳೇದಕ್ಕೇ...”

“ಕೇಳಿದ್ರೆ ನಾನೇ ಕೊಡ್ತಿದ್ದೆ ಕಣೋ. ಕೇಳ್ಲಿಲ್ಲ ನೀನು.”

ಮಗ ಒಳಗೆ ಹೋದ. ಅವಳು ಚೀಲ ಹೆಗಲಿಗೇರಿಸಿ, ಹೇಳಿ ಹೊರಟಳು. ಬಾಗಿಲವರೆಗೆ ಬಂದ ಮಗ “ಹುಷಾರಾಗಿ ಹೋಗು” ಎಂದಷ್ಟೇ ಹೇಳಿದ.

ಕೆಲವು ದಿನಗಳ ನಂತರ ಅವನು ಆ ಶಾಲೆಗೆ ಹೋಗಿ ಬಂದ ಸುದ್ದಿಯನ್ನು ಮಾವನೇ ಅವಳಿಗೆ ಹೇಳಿದರು. ಉಪಕರಣಗಳನ್ನು ವಾಪಸು ಕೇಳೋಣವೆಂದು ಹೋದವನಿಗೆ ಅಲ್ಲಿ ಕೇಳಲು ನಾಲಿಗೆ ಏಳಲಿಲ್ಲವಂತೆ.

“ಅದ್ರಲ್ಲಿ ಕೆಲಸ ನಡೀತಿದೆಯಾ ಅಂತ ಅವನನ್ನ ಕೇಳ್ದೆ. ನಡೀತಿದೆ ಅಂದ. ಸರಿ, ಬಿಡು ಅಂದೆ.”

ಈಗ ಅವರು ಕಟ್ಟಿಗೆ ಸೀಳುತ್ತಾರೆ, ಅಕ್ಕಪಕ್ಕದವರ ಗಿಡಗಳಿಗೆ ಗೂಟ ಕೆತ್ತುತ್ತಾರೆ. ಎಡಗೈಯ ಕೆಲಸ ಬಲಗೈಯದರಷ್ಟು ನೇರವಿಲ್ಲ. ಗೂಟಕ್ಕೆ ಅಷ್ಟು ಸಾಕು. ಅವಳು ಬರುವ ದಿನ ಮಗ ಮನೆಯಲ್ಲಿದ್ದರೆ ಮೂವರೂ ಚಹಾ ಕುಡಿಯುತ್ತಾರೆ. ಅದಕ್ಕಿಂತ ಹೆಚ್ಚಿನದನ್ನು ಯಾರೂ ನಿರೀಕ್ಷಿಸಿಲ್ಲ.

ಅವಳ ಬಾಡಿಗೆ ಕೋಣೆಯ ಬಾಗಿಲು ಗಾಳಿಗೆ ಬಡಿದುಕೊಳ್ಳುತ್ತದೆಂದು ಕೇಳಿ ಮಾವ ಬಾಗಿಲಿಗೆ ಸಿಕ್ಕಿಸಲು ಒಂದು ಬೆಣೆ ಕೆತ್ತಿ ಕೊಟ್ಟರು. ಅದು ಒಂದು ಕಡೆ ದಪ್ಪವಾಗಿ ಬಾಗಿಲಡಿ ತೂರಲಿಲ್ಲ. ಮುಂದಿನ ವಾರ ಅವಳು ಅದನ್ನು ವಾಪಸು ತಂದು ಅವರ ಮುಂದಿಟ್ಟಳು.

“ದಪ್ಪ ಆಯ್ತು ಮಾವ.”

“ನಿನ್ನ ಬಾಗಿಲೇ ಸರಿಯಿಲ್ಲ” ಎಂದು ಗೊಣಗಿ ಅವರು ಕೊಡಲಿಗೆ ಕೈ ಹಾಕಿದರು.