ಯಾರೂ ಒಯ್ಯದ ಕೋಟು

ಹೂಗುಚ್ಛ ಹಿಡಿದುಕೊಂಡು ಆಕೆ ಗಂಜಿಯಣ್ಣನ ಹೆಂಡತಿಯನ್ನು ಹುಡುಕುತ್ತಿದ್ದಳು. ಲಾಂಡ್ರಿಯ ಹಿಂದಿನ ಕೋಣೆಯಲ್ಲಿ, ಒಗೆಯುವ ಯಂತ್ರಗಳ ನಡುವೆ ಅವನ ದೇಹವನ್ನು ಮಲಗಿಸಿದ್ದರು. ಸುತ್ತ ಏಳೆಂಟು ಜನ, ಎಲ್ಲರೂ ಅಲ್ಲಿ ಕೆಲಸ ಮಾಡುವವರೇ. ಕಾಲರಿಗೆ ಗಂಜಿ ಹಾಕುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ, ಅದಕ್ಕೇ ಆ ಅಡ್ಡಹೆಸರು. ಮನುಷ್ಯ ಮಾತ್ರ ಬಲು ಮೆದು.

"ಯಾರು ಬೇಕಿತ್ತಮ್ಮ?" ಎಂದಳು ರಫು ಅಕ್ಕ. ಹರಿದ ಬಟ್ಟೆಗೆ ಎಳೆ ಕೂಡಿಸಿ ಕೂಡಿಸಿ ಅವಳ ಕಣ್ಣು ಮಂಜಾಗಿತ್ತು.

"ಇವರ ಹೆಂಡತೀನ ನೋಡಬೇಕಿತ್ತು."

ರಫು ಅಕ್ಕ ಕನ್ನಡಕ ಮೇಲೇರಿಸಿ ನೋಡಿದಳು. ರೇಷ್ಮೆ, ಮುತ್ತು, ಬಾಗಿಲಾಚೆ ಉದ್ದನೆಯ ಕಾರು. ಆಮೇಲೆ ಗುರುತು ಹತ್ತಿತು.

"ಅಯ್ಯೋ, ನೀನಾ… ನೀವಾ? ಕೂತ್ಕೊಳ್ಳಿ." ಸ್ಟೂಲನ್ನು ಕೈಯಿಂದಲೇ ಒರೆಸಿದಳು. "ಇವನಿಗೆಲ್ಲಿ ಹೆಂಡತಿ? ಮದುವೆ ಮಾತೆತ್ತಿದ್ರೆ, 'ಬರೋಳಿಗೆ ದಿನಾ ಸೋಪಿನ ವಾಸನೆ, ಪಾಪ ಬೇಡ' ಅಂತಿದ್ದ. ಮೂವತ್ತು ವರ್ಷ ಅದೇ ಜೋಕು. ಕೇಳಿ ಕೇಳಿ ನಮಗೂ ಸಾಕಾಗಿತ್ತು."

"ಯಾರೋ ಒಬ್ಬಳು ಇದ್ದಳಲ್ಲ?"

"ನಿಮ್ಮನ್ನ ಬಿಟ್ರೆ ಯಾರೂ ಇರಲಿಲ್ಲ."

ಆಕೆ ಸ್ಟೂಲಿನ ಮೇಲೆ ಕೂತಳು. ಪತ್ರಿಕೆಯಲ್ಲಿ ಸಾವಿನ ಸುದ್ದಿ ನೋಡಿ ಅಷ್ಟು ದೂರದಿಂದ ಬಂದದ್ದೇ ಇದಕ್ಕೆ. ಒಬ್ಬ ಹೆಂಡತಿ ಇದ್ದುಬಿಟ್ಟಿದ್ದರೆ, ಎಂಥ ಜಗಳಗಂಟಿಯಾದರೂ ಸರಿ, ಎದೆಯ ಭಾರ ಇಳಿಯುತ್ತಿತ್ತು.

*

ಮೂವತ್ತು ವರ್ಷದ ಹಿಂದೆ ಆಕೆ ಇದೇ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುತ್ತಿದ್ದಳು. ಮುಂದಿನ ತಿಂಗಳು ಅವನೊಂದಿಗೆ ಮದುವೆ. ಅಷ್ಟರಲ್ಲಿ ವಕೀಲನೊಬ್ಬ ಬಂದು, ಆಕೆ ಮುಖವನ್ನೇ ನೋಡದ ಅಪ್ಪ ದೊಡ್ಡ ಅರಸುಮನೆತನದವನೆಂದೂ, ಆ ಮನೆಗೂ ಪದವಿಗೂ ಇನ್ನು ಆಕೆಯೊಬ್ಬಳೇ ವಾರಸುದಾರಳೆಂದೂ ಹೇಳಿದ. ಬಟ್ಟೆ ಒಗೆಯುವ ಗಂಡನಿಗೆ ಮಾತ್ರ ಅಲ್ಲಿ ಜಾಗವಿಲ್ಲ ಎಂದ. ಆಕೆ ಮೂರು ದಿನ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಆಸೆ ಯಾರನ್ನು ಬಿಟ್ಟಿದೆ?

ನಾಲ್ಕನೆಯ ದಿನ ಗಂಜಿಯಣ್ಣ ಹೆಂಗಸರ ಕೋಟೊಂದನ್ನು ತಂದು ಇಸ್ತ್ರಿ ಮೇಜಿನ ಮೇಲಿಟ್ಟ.

"ನಾನು ಬೇರೆಯವಳನ್ನ ಮದುವೆ ಆಗ್ತಿದ್ದೀನಿ. ಅವಳಿಗೆ ಅಂತ ಕೊಂಡೆ. ನೀನು ಹೋಗು."

ಕೋಟು ಕಂಡರೆ ಕಾಲರ್ ತಿರುವಿ ನೋಡುವುದು ಇಸ್ತ್ರಿಯವರ ಅಭ್ಯಾಸ. ತಿರುವಿದಳು. ಒಳಗೆ ನಂಬರಿನ ಚೀಟಿ, ಕೆಂಪು ದಾರದಲ್ಲಿ ಹೊಲಿದದ್ದು. ಒಗೆಯಲು ಕೊಟ್ಟವರು ವರ್ಷವಾದರೂ ಒಯ್ಯದ ಬಟ್ಟೆಗೆ ಮಾತ್ರ ಕೆಂಪು ದಾರ. ದಿನಕ್ಕೆ ನೂರು ಚೀಟಿ ಕೀಳುವ ಅವನ ಕೈ ಅದೊಂದನ್ನು ಮರೆತಿತ್ತು. ಪಾಪ, ಸುಳ್ಳು ಹೇಳಿ ರೂಢಿಯಿಲ್ಲದವನು.

ಆಕೆ ಕಾಲರನ್ನು ಮೊದಲಿನಂತೆಯೇ ಮಡಿಚಿದಳು.

"ಚೆನ್ನಾಗಿದೆ. ಅವಳಿಗೆ ಒಪ್ಪುತ್ತೆ."

ಆಮೇಲೆ ನಡೆಯುವುದನ್ನು, ನಗುವುದನ್ನು, ಚಮಚ ಹಿಡಿಯುವುದನ್ನು ಹೊಸದಾಗಿ ಕಲಿತಳು. ಊಟದ ಮೇಜಿಗೆ ಇಪ್ಪತ್ತು ಕುರ್ಚಿ. ಕೂರುತ್ತಿದ್ದವಳು ಒಬ್ಬಳೇ.

*

ಶವ ಸಾಗಿಸುವ ವ್ಯಾನಿನ ಚಾಲಕ ಕಾಗದ ಹಿಡಿದು ಒಳಬಂದ. "ಬಾಡಿ ಜೊತೆ ಹಿಂದೆ ಒಬ್ರು ಕೂರಬೇಕು. ಮನೆಯವರು ಯಾರು?"

ಅವನು ರೇಷ್ಮೆ ಉಟ್ಟವಳ ಕಡೆ ತಿರುಗಿದ. "ಅಮ್ಮ, ಇವರು ನಿಮಗೆ ಏನಾಗಬೇಕು?"

"ಪರಿಚಯ, ಅಷ್ಟೆ." ಕಲಿತ ದನಿ ತಾನಾಗಿಯೇ ಬಂತು.

ಅವನು ಏನೋ ಗೀಚಿಕೊಂಡ. ನಾಲ್ವರು ಸೇರಿ ಗಂಜಿಯಣ್ಣನನ್ನು ಎತ್ತಿಕೊಂಡು ಹೊರನಡೆದರು. ಆಕೆ ರಫು ಅಕ್ಕನ ಕೈ ಹಿಡಿದಳು.

"ಅಕ್ಕ, ಅವನು ಹೇಳಿದ್ದು ಸುಳ್ಳು ಅಂತ ನಂಗೆ ಅವತ್ತೇ ಗೊತ್ತಿತ್ತು. ಕಾಲರಲ್ಲಿ ಚೀಟಿ ಇತ್ತು. ನೋಡಿಯೂ ಹೋದೆ."

ರಫು ಅಕ್ಕ ಇನ್ನೊಂದು ಕೈಯಿಂದ ಕನ್ನಡಕ ತೆಗೆದಳು.

"ನೀನು ಹೋದ ಮೇಲೆ ಅವನೂ ಅದನ್ನ ನೋಡಿದ ಕಣೆ. ಕೋಟು ತೊಡೆ ಮೇಲಿಟ್ಕೊಂಡು ಕೂತಿದ್ದ. 'ಅಕ್ಕ, ಅವಳು ಗಮನಿಸ್ಲಿಲ್ಲ ಅಲ್ವಾ?' ಅಂದ. ಇಲ್ಲ ಕಣೋ ಅಂದೆ. ಇನ್ನೇನು ಹೇಳ್ಲಿ?"

ಹೊರಗೆ ಆಕೆಯ ಡ್ರೈವರ್ ಕಾರಿನ ಬಾಗಿಲು ತೆಗೆದು ನಿಂತಿದ್ದ. ಆಕೆ ಅವನನ್ನು ದಾಟಿ ಹೋಗಿ ವ್ಯಾನಿನ ಹಿಂಬದಿಯ ಕಬ್ಬಿಣದ ಮೆಟ್ಟಿಲು ಹತ್ತಿದಳು. ಬಾಗಿಲು ಮುಚ್ಚಿತು.

ಮೊದಲ ತಿರುವಿನಲ್ಲಿ ದೇಹ ಒಂದು ಗೇಣು ಜಾರಿತು. ಆಕೆ ಬೆಂಚಿನಿಂದ ಕೆಳಗಿಳಿದು, ಹೊದಿಸಿದ ಬಟ್ಟೆಯ ಮೇಲಿಂದಲೇ ಅವನ ಎರಡೂ ಪಾದಗಳನ್ನು ಬಿಗಿಯಾಗಿ ಹಿಡಿದುಕೊಂಡಳು.