ಮೂವತ್ತೆಂಟು ಕಿಲೋ ತೊಟ್ಟಿಲು, ಮೂರು ಕಿಲೋ ಗುಂಡಪ್ಪ

ನಾನು ಒಂದು ಪೆಟ್ಟಿಗೆ. ಪೆಟ್ಟಿಗೆ ಎಂದ ಕೂಡಲೇ ನಿಮ್ಮ ಅಟ್ಟದ ಮೇಲೆ ಧೂಳು ತಿನ್ನುತ್ತ ಕೂತ ಟ್ರಂಕನ್ನು ನೆನೆಸಿಕೊಳ್ಳಬೇಡಿ. ನಾನು ರೈಲಿನಲ್ಲಿ ಓಡಿದವನು, ವಿಮಾನದಲ್ಲಿ ಹಾರಿದವನು, ಸಮುದ್ರವನ್ನು ಮೇಲಿನಿಂದ ನೋಡಿದವನು. ನೋಡಿದ್ದು ಎಂದರೆ, ವಿಮಾನದ ಹೊಟ್ಟೆಗೆ ಕಿಟಕಿ ಇರುವುದಿಲ್ಲ. ಆದರೂ ಕೆಳಗೆ ಸಮುದ್ರ ಇತ್ತು, ಮೇಲೆ ನಾನಿದ್ದೆ. ಅಷ್ಟು ಸಾಲದೆ?

ನಾನು ಹುಟ್ಟಿದ್ದು ಕಲಘಟಗಿಯಲ್ಲಿ, ಮಾರುತೆಪ್ಪ ಚಿತ್ರಗಾರನ ಅಂಗಳದಲ್ಲಿ. ನನ್ನ ಜನನ ನೋಡಲು ಏಳು ಊರಿನ ಜನ ನೆರೆದಿದ್ದರು. ಸರಿ, ಏಳು ಊರಲ್ಲ. ಪಕ್ಕದ ಮನೆಯ ಅಜ್ಜ ಮತ್ತು ಎರಡು ಆಡು. ಅದರಲ್ಲಿ ಒಂದು ಆಡು ನನ್ನ ಮೂಲೆಯನ್ನು ರುಚಿ ನೋಡಿತು. ಮಾವಿನ ಹಲಗೆ, ಯಾವುದೋ ವಿದೇಶಿ ಯಂತ್ರ ಬಂದಿದ್ದ ಪೆಟ್ಟಿಗೆಯ ಪಟ್ಟಿ, ಅರ್ಧ ಕಿಲೋ ಮೊಳೆ, ಇವಿಷ್ಟೇ ನನ್ನ ತಂದೆ ತಾಯಿ. ಹಾಗಾಗಿ ನನ್ನಲ್ಲಿ ಅರ್ಧ ರಕ್ತ ಹೊರದೇಶದ್ದು.

ಮಾರುತೆಪ್ಪ ಮಾಡುತ್ತಿದ್ದದ್ದು ತೊಟ್ಟಿಲು. ಅರಗಿನ ಬಣ್ಣ ಹಚ್ಚಿ, ಸುತ್ತಲೂ ಗಿಳಿ, ನವಿಲು, ಆನೆ ಬರೆದು, ಕನ್ನಡಿಯಂತೆ ಹೊಳೆಯಿಸಿದ ತೊಟ್ಟಿಲು. ಜನ ಅದನ್ನು ನೋಡಿ ಬಾಯಿ ಬಿಡುತ್ತಿದ್ದರು. ನನ್ನನ್ನು ನೋಡಿ ಯಾರೂ ಬಾಯಿ ಬಿಡಲಿಲ್ಲ. ಅದಕ್ಕೆ ನನಗೇನೂ ಬೇಸರವಿಲ್ಲ. ತೊಟ್ಟಿಲಿನ ಬಣ್ಣ ಉಳಿದದ್ದು ಯಾರಿಂದ? ಆ ಗಿಳಿಗಳು ಇವತ್ತಿಗೂ ಮೂಗು ಮುರಿಯದೆ ಇರುವುದು ಯಾರಿಂದ?

ಮಾರುತೆಪ್ಪ ಜಾಣ. ತೊಟ್ಟಿಲನ್ನು ನನ್ನ ತಳಕ್ಕೆ ಮೊಳೆ ಹೊಡೆದು ಕೂರಿಸಲಿಲ್ಲ. ನನ್ನ ಮೇಲಿನ ಅಡ್ಡಪಟ್ಟಿಗೆ ಹತ್ತಿಯ ಹಗ್ಗ ಕಟ್ಟಿ ಒಳಗೆ ತೂಗುಬಿಟ್ಟ.

"ರೈಲು ಕುಕ್ಕಿದ್ರ ಇದು ತೂಗತೈತಿ, ಒಡಿಯಂಗಿಲ್ಲ," ಎಂದು ತೊಟ್ಟಿಲು ಕೊಳ್ಳಲು ಬಂದಿದ್ದ ನೀಲವ್ವನಿಗೆ ಹೇಳಿದ.

ನೀಲವ್ವ ತಲೆಯಾಡಿಸಿದಳು. ಆ ಮಾತು ಅವಳ ಎದೆಗೆ ಇಳಿದದ್ದು ವಾರದ ಮೇಲೆ.

ನೀಲವ್ವನ ವಿಷಯ ಹೇಳಬೇಕು. ಅವಳು ನಮ್ಮ ಕಡೆಯ ರೈಲು ಜಂಕ್ಷನ್ನಿನ ಪಾರ್ಸಲ್ ಕಚೇರಿಯ ಮುಂದೆ ಕೂತು ಗೋಣಿತಾಟು ಹೊಲಿಯುವವಳು. ರೈಲಿಗೆ ಹಾಕುವ ಮೂಟೆ, ಪೆಟ್ಟಿಗೆ, ಹಾಸಿಗೆ, ಹೊಲಿಗೆ ಯಂತ್ರ, ಏನೇ ತಂದರೂ ಗೋಣಿ ಸುತ್ತಿ, ದಬ್ಬಣದಲ್ಲಿ ಸುತಳಿ ಎಳೆದು ಕಟ್ಟಿಕೊಡುವುದು ಅವಳ ಕೆಲಸ. ಮೂವತ್ತೊಂದು ವರ್ಷ ಹಾಗೆ ಹೊಲಿದಿದ್ದಳು. ಅವಳು ಹೊಲಿದ ಸುತಳಿಯನ್ನು ಬಿಚ್ಚಿ ಉದ್ದಕ್ಕೆ ಹಾಸಿದರೆ ಚಂದ್ರನಿಗೆ ಹೋಗಿ ಚಹಾ ಕುಡಿದು ವಾಪಸು ಬರಬಹುದು. ಅಷ್ಟೂ ಬೇರೆಯವರ ಸಾಮಾನು. ಅವಳದೇ ಪಾರ್ಸಲ್ ಎಂದು ಒಂದು ಇದ್ದರೆ ಅದು ನಾನು. ಮೊದಲನೆಯವನು.

ನಾನು ಹೋಗಬೇಕಾಗಿದ್ದದ್ದು ಪೋರ್ಟ್ ಬ್ಲೇರಿಗೆ, ಅವಳ ಮಗಳು ಕಸ್ತೂರಿಯ ಮನೆಗೆ. ಅಳಿಯ ಫಕ್ಕೀರೇಶ ಅಲ್ಲಿಯ ಬಂದರಿನಲ್ಲಿ ಮೆಕ್ಯಾನಿಕ್. ಅವರಿಗೆ ಹೆಣ್ಣುಮಗು ಹುಟ್ಟಿತ್ತು, ದಿನ ತುಂಬುವ ಮೊದಲೇ. ಇಪ್ಪತ್ತಾರು ದಿನ ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿದ್ದು ಈಗ ಮನೆಗೆ ಬಂದಿತ್ತು. ನನಗಿಂತ ಮೊದಲು ಆ ಮಗುವನ್ನು ಕಾಯ್ದದ್ದೂ ಒಂದು ಪೆಟ್ಟಿಗೆಯೇ ಎಂಬುದನ್ನು ದಯವಿಟ್ಟು ಗಮನಿಸಿ. ಗುರುವಾರ ಹೆಸರಿಡುವುದು ಎಂದು ಗೊತ್ತಾಗಿತ್ತು. ನೀಲವ್ವನಿಗೆ ಕಣ್ಣಿನ ಪೊರೆ ತೆಗೆದು ನಾಲ್ಕು ದಿನವಾಗಿತ್ತು. ಡಾಕ್ಟರು ಪ್ರಯಾಣ ಬೇಡವೆಂದಿದ್ದರು. ಅವಳ ಬದಲು ತೊಟ್ಟಿಲು ಹೊರಟಿತ್ತು, ತೊಟ್ಟಿಲಿನ ಬದಲು ಏಟು ತಿನ್ನಲು ನಾನು ಹೊರಟಿದ್ದೆ.

ಸೋಮವಾರ ಬೆಳಿಗ್ಗೆ ನನ್ನನ್ನು ತೂಕದ ಹಲಗೆಯ ಮೇಲೆ ಇಟ್ಟರು. ಮೂವತ್ತೆಂಟು ಕಿಲೋ. ಗುಮಾಸ್ತರು ಚೀಟಿ ಬರೆದರು. ಹಮಾಲ ತಿಪ್ಪಣ್ಣ ನನ್ನ ಬೆನ್ನ ಮೇಲೆ ಕಪ್ಪು ಬಣ್ಣದಲ್ಲಿ ತೂಕ, ಊರು, ನಂಬರು ಬರೆದ. ನೀಲವ್ವ ಕಪ್ಪು ಕನ್ನಡಕ ಹಾಕಿಕೊಂಡು, ಕೈಯ ಅಂದಾಜಿನಲ್ಲೇ ಗೋಣಿ ಹೊಲಿಯತೊಡಗಿದಳು. ಒಂದು ಹೊಲಿಗೆಯೂ ತಪ್ಪಲಿಲ್ಲ. ಮೂರು ಬದಿ ಮುಗಿದಿತ್ತು.

ಆಗ ತಿಪ್ಪಣ್ಣ ಬೀಡಿ ಕಿವಿಗೆ ಸಿಕ್ಕಿಸಿಕೊಂಡು ನನ್ನನ್ನು ಸ್ವಲ್ಪ ಅಲುಗಾಡಿಸಿ ನೋಡಿದ. "ಅಕ್ಕಾ, ಒಳಗ ತೂಗಾಕತ್ತೈತಲ್ಲ."

"ತೂಗ್ಲಿ ಬಿಡೋ, ಹಂಗ ಕಟ್ಟ್ಯಾನ ಮಾರುತೆಪ್ಪ."

"ಖಾಲಿ ತೊಟ್ಲ ಅಕ್ಕಾ. ಬೆಂಗಳೂರತನಕ ರೈಲು ತೂಗತೈತಿ. ಮುಂದ ಇಮಾನ ತೂಗತೈತಿ."

ದಬ್ಬಣ ನಿಂತಿತು.

ಖಾಲಿ ತೊಟ್ಟಿಲು ತೂಗಬಾರದು. ಇದನ್ನು ನಮ್ಮ ಕಡೆ ಯಾರೂ ಯಾರಿಗೂ ಹೇಳಿಕೊಡುವುದಿಲ್ಲ, ಎಲ್ಲರಿಗೂ ಗೊತ್ತಿರುತ್ತದೆ. ಎರಡು ವರ್ಷದ ಹಿಂದೆ ಕಸ್ತೂರಿಯ ಚೊಚ್ಚಲ ಮಗು ಹುಟ್ಟಿದ ದಿನವೇ ಹೋಗಿತ್ತು. ಅದಕ್ಕೂ ಒಂದು ವಾರ ಮೊದಲು, ಮುಂಚಿತವಾಗಿ ತಂದು ಕಟ್ಟಿದ್ದ ಕಬ್ಬಿಣದ ತೊಟ್ಟಿಲನ್ನು ಫ್ಯಾನಿನ ಗಾಳಿ ಮೆಲ್ಲಗೆ ತೂಗುತ್ತಿದ್ದುದನ್ನು ನೀಲವ್ವ ನೋಡಿದ್ದಳು. ನೋಡಿಯೂ ಫ್ಯಾನು ಆರಿಸಿರಲಿಲ್ಲ. ಸೆಖೆ ಇತ್ತು. ಆ ಫ್ಯಾನಿನ ಗಾಳಿ ಅವಳ ತಲೆಯೊಳಗೆ ಆವರೆಗೂ ನಿಂತಿರಲಿಲ್ಲ.

"ಅದನ್ಯಾಕ ಮೊದ್ಲ ಹೇಳ್ಲಿಲ್ಲೋ ಹುಚ್‌ಮುಂಡೇದೆ!" ಎಂದವಳೇ ಎದ್ದಳು. ಮನೆ ಸ್ಟೇಷನ್ನಿನ ಹಿಂದೆಯೇ. ಕಣ್ಣಿಗೆ ಬಿಸಿಲು ತಾಗಬಾರದೆಂದಿದ್ದ ಡಾಕ್ಟರು ಆಗ ನೋಡಿದ್ದರೆ ಅಳುತ್ತಿದ್ದರು. ಹತ್ತು ನಿಮಿಷದಲ್ಲಿ ಬಂದಳು. ಕೈಯಲ್ಲಿ ಚಟ್ನಿ ಅರೆಯುವ ಕಲ್ಲಿನ ಗುಂಡು, ಅದಕ್ಕೊಂದು ಕೆಂಪು ಕುಲಾವಿ.

ನಮ್ಮ ಕಡೆ ಹೆಸರಿಡುವ ದಿನ ಮಗುವಿಗಿಂತ ಮೊದಲು ತೊಟ್ಟಿಲಿಗೆ ಕಲ್ಲಿನ ಗುಂಡನ್ನು ಮಲಗಿಸುತ್ತಾರೆ. ಅವನಿಗೆ ಗುಂಡಪ್ಪ ಎಂದು ಹೆಸರು. ಕಲ್ಲಿನಂತೆ ಗಟ್ಟಿಯಾಗಿ ಬಾಳಲಿ ಎಂದು ಅವನ ಹಿಂದೆ ಮಗು ಬರುತ್ತದೆ. ನೀಲವ್ವ ಗುಂಡಪ್ಪನಿಗೆ ಕುಲಾವಿ ಕಟ್ಟಿ, ನನ್ನ ಮುಚ್ಚಳ ಸರಿಸಿ, ತೊಟ್ಟಿಲೊಳಗೆ ಮಲಗಿಸಿದಳು. ಕೊನೆಯ ಬದಿಯನ್ನು ಹೊಲಿದಳು. ತೂಕ ಆಗಿಹೋಗಿದೆ, ಚೀಟಿ ಬರೆದಾಗಿದೆ ಎಂಬುದು ಮೂವತ್ತೊಂದು ವರ್ಷ ಅದೇ ಕೆಲಸ ಮಾಡಿದವಳಿಗೆ ನೆನಪೇ ಆಗಲಿಲ್ಲ. ನನಗೆ ಆಗಿತ್ತು. ಆದರೆ ನನ್ನನ್ನು ಕೇಳಿದವರು ಯಾರು?

ರೈಲು ಬಂತು. ಪಾರ್ಸಲ್ ಡಬ್ಬಿ ಕಟ್ಟಕಡೆಯಲ್ಲಿ ಇರುತ್ತದೆ. ತಿಪ್ಪಣ್ಣ ಮತ್ತು ಇನ್ನಿಬ್ಬರು ಗಾಡಿ ತಳ್ಳಿಕೊಂಡು ಓಡಿದರು. ಮೊದಲು ದೂರದ ಊರಿನ ಸಾಮಾನು ಒಳಗಡೆಗೆ, ಹತ್ತಿರದ್ದು ಬಾಗಿಲ ಬಳಿಗೆ. ಅದು ತಲೆಕೆಳಗಾದರೆ ದಾರಿಯುದ್ದಕ್ಕೂ ಗೋಳು. ನನಗೆ ಒಳಗಡೆಯ ಗೋಡೆಯ ಪಕ್ಕ ರಾಜನಿಗೆ ತಕ್ಕ ಸ್ಥಾನ ಸಿಕ್ಕಿತು. ಎಡಕ್ಕೆ ಪೆಟ್ರೋಲು ಪೂರ್ತಿ ಖಾಲಿ ಮಾಡಿಸಿಕೊಂಡ ಒಂದು ಮೋಟಾರ್ ಸೈಕಲ್, ಹುಲ್ಲು ಸುತ್ತಿಸಿಕೊಂಡು ಸೊಂಟ ನೋವಿನವನ ಹಾಗೆ ನಿಂತಿತ್ತು. ಬಲಕ್ಕೆ ಮೀನಿನ ಬುಟ್ಟಿಗಳು. ಅವುಗಳ ಐಸ್ ಕರಗಿ ನನ್ನ ಪಾದ ತೊಳೆಯಿತು. ನಾನು ಅದನ್ನು ಗೌರವ ಎಂದೇ ತೆಗೆದುಕೊಂಡೆ.

ದಾರಿಯುದ್ದಕ್ಕೂ ರೈಲು ತೂಗಿತು, ತೊಟ್ಟಿಲು ತೂಗಿತು, ಗುಂಡಪ್ಪ ಕಣ್ಣು ಮುಚ್ಚಿ ಮಲಗಿದ್ದ. ಒಮ್ಮೆಯೂ ಅಳಲಿಲ್ಲ. ಅಂಥ ಮಗುವನ್ನು ನಾನು ಕಂಡಿಲ್ಲ.

ಸಂಜೆ ಬೆಂಗಳೂರು. ಗೋಪಿನಾಥ ಎಂಬ ಏಜೆಂಟು ನನ್ನನ್ನು ಬಿಡಿಸಿಕೊಂಡ. ರೈಲಿನಿಂದ ಇಳಿಸಿ ವಿಮಾನಕ್ಕೆ ದಾಟಿಸುವುದು ಅವನ ಕಸುಬು. ಮಂಗಳವಾರ ಬೆಳಿಗ್ಗೆ ಟೆಂಪೋದಲ್ಲಿ ವಿಮಾನದ ಸರಕು ನಿಲ್ದಾಣಕ್ಕೆ ಬಂದೆವು. ಅಲ್ಲಿಯ ನೆಲ ನಮ್ಮೂರಿನ ಮದುವೆ ಮಂಟಪಕ್ಕಿಂತ ಚೊಕ್ಕ. ಅಲ್ಲಿ ನನಗೆ ಜೀವನದ ಅತಿದೊಡ್ಡ ಸನ್ಮಾನವಾಯಿತು. ಒಬ್ಬ ಬಂದು ಟೇಪು ಹಿಡಿದು ನನ್ನ ಉದ್ದ, ಅಗಲ, ಎತ್ತರ ಅಳೆದ. ಕಂಪ್ಯೂಟರಿಗೆ ಹಾಕಿದ. "ಎಂಬತ್ತು ಕಿಲೋ," ಎಂದ.

ವಿಷಯ ಏನೆಂದರೆ, ವಿಮಾನದಲ್ಲಿ ಜಾಗ ಕಡಿಮೆ. ಹತ್ತಿ ತುಂಬಿದ ದೊಡ್ಡ ಮೂಟೆ ಹಗುರವೆಂದು ಬಿಟ್ಟರೆ ವಿಮಾನವೆಲ್ಲ ಹತ್ತಿಯೇ ಆಗುತ್ತದೆ. ಅದಕ್ಕೆ ಗಾತ್ರವನ್ನೂ ತೂಕಕ್ಕೆ ತಿರುಗಿಸುತ್ತಾರೆ; ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ಬಾಡಿಗೆ. ನನ್ನೊಳಗೆ ತೊಟ್ಟಿಲು ತೂಗಲು ಬಿಟ್ಟ ಜಾಗವಿತ್ತಲ್ಲ, ಆ ಖಾಲಿ ಗಾಳಿಗೂ ಅವರು ಬೆಲೆ ಕಟ್ಟಿದರು! ರೈಲಿನವರಿಗೆ ನಾನು ಮೂವತ್ತೆಂಟು. ವಿಮಾನದವರಿಗೆ ಎಂಬತ್ತು. ನನ್ನ ಯೋಗ್ಯತೆ ಯಾರಿಗೆ ತಿಳಿಯಿತು, ನೀವೇ ಹೇಳಿ.

ಆಮೇಲೆ ನಿಜವಾದ ತೂಕಕ್ಕೆ ಇಟ್ಟರು. ನಲವತ್ತೊಂದು. ಚೀಟಿಯಲ್ಲಿ ಮೂವತ್ತೆಂಟು. ನನ್ನನ್ನು ಎಕ್ಸ್-ರೇ ಯಂತ್ರದೊಳಗೆ ತಳ್ಳಿದರು. ಪರದೆಯ ಮೇಲೆ ನನ್ನ ಎಲುಬು, ಮೊಳೆ, ತೊಟ್ಟಿಲು, ಅದರ ನಟ್ಟನಡುವೆ ದುಂಡಗೆ, ಕಪ್ಪಗೆ ಒಂದು ಗುಂಡು. ಬೆಲ್ಟು ನಿಂತಿತು.

ಅಲ್ಲಿ ತಪಾಸಣೆಯ ಅಧಿಕಾರಿ ವನಜಾಕ್ಷಿ, ಚಿಂತಾಮಣಿ ಕಡೆಯವಳು. ಪರದೆ ನೋಡಿದಳು, ಚೀಟಿ ನೋಡಿದಳು. "ಮರದ ತೊಟ್ಟಿಲು ಒಂದು ಅಂತ ಬರ್ದಿದ್ದೀರಿ. ಇದೇನ್ರೀ ಗುಂಡು?"

ಗೋಪಿನಾಥ ನೀಲವ್ವನಿಗೆ ಫೋನು ಹಚ್ಚಿ ಸ್ಪೀಕರಿಗೆ ಹಾಕಿದ. "ಅಮ್ಮಾ, ನಿಮ್ಮ ಪೆಟ್ಟಿಗೇಲಿ ತೊಟ್ಟಿಲು ಬಿಟ್ಟು ಇನ್ನೇನಿದೆ?"

"ಗುಂಡಪ್ಪ ಅದಾನ್ರಿ," ಎಂದಳು ನೀಲವ್ವ.

"ಯಾರು?"

"ಗುಂಡಪ್ಪ್ರೀ. ಮಲಗ್ಯಾನ. ಥಂಡಿ ಹತ್ತಬಾರದಂತ ಕುಲಾವಿ ಹಾಕೇನಿ."

ವನಜಾಕ್ಷಿ ಎದೆ ಮೇಲೆ ಕೈ ಇಟ್ಟುಕೊಂಡಳು. "ಅಯ್ಯೋ ದೇವ್ರೇ! ಮಗೂನ ಪಾರ್ಸಲ್ ಮಾಡಿದ್ದೀರಾ? ಉಸಿರಾಡ್ತಾ ಇದ್ಯಾ ಅದು?"

"ಕಲ್ಲು ಹೆಂಗ ಉಸರಾಡ್ತೈತ್ರೀ ಯವ್ವಾ? ಮಗಾ ಅಲ್ಲೈತಿ, ಪೋರ್ಟ್ ಬ್ಲೇರದಾಗ. ಇಂವ ಅದು ಬರೂತನಕ ಜಾಗಾ ಹಿಡದಾನ. ಬಸ್ಸಿನ್ಯಾಗ ಸೀಟಿಗೆ ಟಾವೆಲ್ ಹಾಕತಾರಲ್ರೀ, ಹಂಗ."

ಅದನ್ನು ಕೇಳಿ ನಕ್ಕವರಲ್ಲಿ ವನಜಾಕ್ಷಿಯೇ ಮೊದಲಿನವಳು. ಆದರೆ ನಿಯಮ ನಗುವುದಿಲ್ಲವಲ್ಲ. ಚೀಟಿಯಲ್ಲಿ ಇಲ್ಲದ್ದು ಒಳಗೆ ಇರುವಂತಿಲ್ಲ. ವಿಮಾನಕ್ಕೆ ಸರಕು ತೆಗೆದುಕೊಳ್ಳುವುದು ಇನ್ನು ಐವತ್ತು ನಿಮಿಷಕ್ಕೆ ಮುಚ್ಚುತ್ತಿತ್ತು. ಮುಂದಿನ ವಿಮಾನಗಳಲ್ಲಿ ಶನಿವಾರದವರೆಗೆ ಜಾಗವಿರಲಿಲ್ಲ. ಗುರುವಾರದ ಹೆಸರಿಡುವುದಕ್ಕೆ ಶನಿವಾರ ತಲುಪುವ ತೊಟ್ಟಿಲು ಏತಕ್ಕೆ?

"ಮೇಡಂ, ಸುಲಭ ಇದೆ," ಎಂದ ಗೋಪಿನಾಥ. "ಕಲ್ಲು ಇಲ್ಲೇ ತೆಗ್ದಿಡೋಣ. ಚೀಟಿ ಸರಿಹೋಗುತ್ತೆ, ತೂಕಾನೂ ಸರಿಹೋಗುತ್ತೆ."

"ಬ್ಯಾಡ್ರೀ!" ಫೋನಿನಲ್ಲಿ ಕೂಗು ಕೇಳಿತು. ಆಮೇಲೆ ಧ್ವನಿ ಸಣ್ಣದಾಯಿತು. "ಬ್ಯಾಡ್ರಿ ಯಪ್ಪಾ. ಒಮ್ಮೆ ಖಾಲಿ ತೂಗೇತ್ರಿ. ನಾ ನೋಡೇನಿ. ಫ್ಯಾನ್ ಆರಸ್ಲಿಲ್ರಿ."

ಗೋಪಿನಾಥನಿಗೆ ಅರ್ಥವಾಗಲಿಲ್ಲ. ವನಜಾಕ್ಷಿಗೆ ಆಯಿತು. ಅವಳು ಫೋನಿನ ಹತ್ತಿರ ಬಗ್ಗಿ, "ಅಮ್ಮಾ, ಫೋನ್ ಇಡಿ. ನಿಮ್ ಗುಂಡಪ್ಪ ಹೋಗ್ತಾನೆ," ಎಂದಳು.

ಹೊಲಿಗೆ ಬಿಚ್ಚಿ ಮುಚ್ಚಳ ತೆಗೆದರು. ಗುಂಡಪ್ಪನನ್ನು ಹತ್ತಿಯ ಪಟ್ಟಿಯಿಂದ ಒರೆಸಿ, ಆ ಪಟ್ಟಿಯನ್ನು ಯಂತ್ರದಲ್ಲಿ ಪರೀಕ್ಷಿಸಬೇಕಿತ್ತು. ಅವನನ್ನು ಎತ್ತಿದ ಕೂಡಲೇ ತೊಟ್ಟಿಲು ಹಗುರಾಗಿ ಅಲುಗತೊಡಗಿತು. ವನಜಾಕ್ಷಿ ಚಟ್ಟನೆ ಅದರ ಮೇಲೆ ಅಂಗೈ ಇಟ್ಟು ನಿಲ್ಲಿಸಿದಳು. ಹಾಗೆಯೇ ನಿಂತಳು. ಅವಳನ್ನು ಕಂಪ್ಯೂಟರಿನ ಬಳಿಗೆ ಕರೆದಾಗ, ಫೋರ್ಕ್‌ಲಿಫ್ಟ್ ಓಡಿಸುವ, ನರೆತ ಮೀಸೆಯ ಒಡಿಶಾದ ಮನುಷ್ಯ ಇಳಿದು ಬಂದು ಮಾತಿಲ್ಲದೆ ತನ್ನ ಕೈ ಇಟ್ಟ. ಅವನಿಗೆ ಕನ್ನಡ ಬರುತ್ತಿರಲಿಲ್ಲ. ಖಾಲಿ ತೊಟ್ಟಿಲಿನ ಭಾಷೆ ಬರುತ್ತಿತ್ತು. ಇಪ್ಪತ್ತು ನಿಮಿಷ ಯಾರದಾದರೂ ಒಂದು ಕೈ ತೊಟ್ಟಿಲಿನ ಮೇಲೆ ಇದ್ದೇ ಇತ್ತು. ನಾನು ಎಲ್ಲವನ್ನೂ ಹಿಗ್ಗಿಸಿ ಹೇಳುವವನು, ನಿಮಗೆ ಗೊತ್ತಾಗಿರಬೇಕು. ಇದನ್ನು ಮಾತ್ರ ಇದ್ದಷ್ಟೇ ಹೇಳಿದ್ದೇನೆ.

ಹೊಸ ಚೀಟಿ ಬಂತು: ಮರದ ತೊಟ್ಟಿಲು ಒಂದು, ಕಲ್ಲಿನ ಗುಂಡು ಒಂದು, ಕುಲಾವಿ ಒಂದು.

"ಮೂರು ಕಿಲೋಗೆ ಬಾಡಿಗೆ ಎಷ್ಟು ಸೇರ್ಸ್ಬೇಕು ಮೇಡಂ?" ಎಂದ ಗೋಪಿನಾಥ.

"ಏನೂ ಇಲ್ಲ. ಗಾತ್ರಕ್ಕೆ ಎಂಬತ್ತು ಹಾಕಿದೀವಲ್ಲ, ನಲವತ್ತೊಂದು ಅದರೊಳಗೇ ಬಂತು. ಗುಂಡಪ್ಪಂಗೆ ಟಿಕೆಟ್ ಬೇಡ."

ಕೇಳಿದಿರಾ? ನನ್ನ ಹೊಟ್ಟೆಯ ಖಾಲಿಯ ಮೇಲೆ ಗುಂಡಪ್ಪ ಪುಕ್ಕಟೆ ಹಾರಿದ. ಈ ಉಪಕಾರವನ್ನು ಅವನು ಈವರೆಗೆ ನೆನೆದಿಲ್ಲ. ಕಲ್ಲು.

ವಿಮಾನದ ಹೊಟ್ಟೆಯಲ್ಲಿ ನನಗೆ ಬಲೆ ಹಾಕಿ ಬಿಗಿದರು. ಯಾವ ಭಾರ ಮುಂದೆ, ಯಾವುದು ಹಿಂದೆ ಎಂದು ಲೆಕ್ಕ ಹಾಕಿಯೇ ಇಡುತ್ತಾರೆ, ಇಲ್ಲದಿದ್ದರೆ ವಿಮಾನ ವಾಲುತ್ತದೆ. ಅಂದು ಅದು ನೆಟ್ಟಗೆ ಹಾರಿದ್ದು ನನ್ನಿಂದ. ಪೈಲಟ್ಟೂ ಸ್ವಲ್ಪ ಸಹಾಯ ಮಾಡಿದ.

ಗುರುವಾರ ಕಸ್ತೂರಿಯ ಮನೆಯಲ್ಲಿ ತೊಟ್ಟಿಲು ತೂಗುಬಿದ್ದಿತ್ತು. ಗುಂಡಪ್ಪ ಮೊದಲು ಮಲಗಿದ. ಆಮೇಲೆ ಕಸ್ತೂರಿ ಅವನನ್ನು ಎತ್ತಿಕೊಂಡಳು, ಇನ್ನೊಂದು ತೋಳಿನಲ್ಲಿ ಮಗು. ಅವಳ ಮುಖ ಬಾಡಿತು.

"ನನ್ನ ಮಗಳಗಿಂತ ಇಂವನ ಜಡ ಅದಾನ," ಎಂದಳು ಗಂಡನಿಗೆ, ಪಿಸುಮಾತಿನಲ್ಲಿ. ಗುಂಡಪ್ಪನ ಭಾರ ಮೂರು ಕಿಲೋ, ಮಗು ಎರಡು ಕಿಲೋ ಇನ್ನೂರು ಗ್ರಾಂ ಇತ್ತು.

ಮುಕ್ತಾ ಎಂದು ಹೆಸರಿಟ್ಟರು. ನೀಲವ್ವ ಫೋನಿನ ಪರದೆಯಲ್ಲಿ ಕಪ್ಪು ಕನ್ನಡಕದೊಳಗಿಂದ ನೋಡುತ್ತಿದ್ದಳು.

ಅಂದಿನಿಂದ ಆ ಮನೆಯಲ್ಲಿ ಪ್ರತಿ ಭಾನುವಾರ ಒಂದು ಕುಸ್ತಿ. ಫಕ್ಕೀರೇಶ ಮೀನು ಮಾರುವವರ ಕೊಕ್ಕೆ ತಕ್ಕಡಿ ತಂದು ಬಾಗಿಲ ಚೌಕಟ್ಟಿಗೆ ಕಟ್ಟಿದ. ಮೊದಲು ಗುಂಡಪ್ಪ, ಆಮೇಲೆ ಬಟ್ಟೆಯ ಜೋಲಿಯಲ್ಲಿ ಮುಕ್ತಾ. ಮೊದಲ ವಾರ ಗುಂಡಪ್ಪ ಗೆದ್ದ. ಎರಡನೆಯ ವಾರವೂ ಗೆದ್ದ. ಮೂರನೆಯ ವಾರ ಮಗುವಿಗೆ ನೆಗಡಿ ಬಂದು, ಐವತ್ತು ಗ್ರಾಂ ಇಳಿದು, ಮನೆಯಲ್ಲಿ ಅಡುಗೆಯೇ ಆಗಲಿಲ್ಲ. ಆ ವಾರ ನಾನು ಮೂಲೆಯಲ್ಲಿ ಕೂತು ಒಂದೂ ಬಡಾಯಿ ಕೊಚ್ಚಲಿಲ್ಲ.

ಎಂಟನೆಯ ಭಾನುವಾರ ಮುಳ್ಳು ಮೂರನ್ನು ದಾಟಿ ನಡುಗಿತು. ಕಸ್ತೂರಿ ತಕ್ಕಡಿ ಬಿಟ್ಟು ಫೋನಿಗೆ ಓಡಿದಳು.

"ಅವ್ವಾ! ಗುಂಡಪ್ಪ ಸೋತ!"

ಆ ಕಡೆಯಿಂದ ನೀಲವ್ವ, "ಫ್ಯಾನ್ ಹಚ್ಚವಾ. ಕೂಸಿಗೆ ಸೆಖಿ ಆಗಿರಬೇಕು," ಎಂದಳು.

ಇದೆಲ್ಲ ಆಗಿ ಐದು ವರ್ಷವಾಯಿತು. ತೊಟ್ಟಿಲು ಬೇರೆ ಯಾರದೋ ಮನೆಗೆ, ಬೇರೆ ಮಗುವಿಗೆ ಹೋಗಿದೆ. ನನಗೆ ವಯಸ್ಸಾಗಿದೆ, ಸಮುದ್ರದ ಗಾಳಿಗೆ ಮೊಳೆ ತುಕ್ಕು ಹಿಡಿದಿದೆ, ಬೆನ್ನ ಮೇಲಿನ ಮೂವತ್ತೆಂಟು ಮಾಸಿ ಮೂರಷ್ಟೇ ಉಳಿದಿದೆ. ಕಳೆದ ವರ್ಷ ನೀಲವ್ವ ವಿಮಾನ ಹತ್ತಿ ಬಂದಿದ್ದಳು. ನನ್ನ ಅಂಚಿಗೆ ಅಂಟಿಕೊಂಡಿದ್ದ ಗೋಣಿಯ ತುಂಡನ್ನು ಬೆರಳಿನಿಂದ ಸವರಿ, "ನಂದ ಹೊಲಿಗಿ," ಎಂದಳು. ಕಣ್ಣು ಚೆನ್ನಾಗಿಯೇ ಕಾಣುತ್ತಿತ್ತು. ಆದರೂ ಬೆರಳಿನಿಂದಲೇ ನೋಡಿದಳು.

ಈಗ ನಾನು ಮುಕ್ತಾಳ ಆಟಿಕೆಯ ಪೆಟ್ಟಿಗೆ. ನನ್ನೊಳಗೆ ಕೂತು ಅವಳು ರೈಲು ಬಿಡುತ್ತಾಳೆ, ವಿಮಾನ ಹಾರಿಸುತ್ತಾಳೆ. ಬೆಳಿಗ್ಗೆ ಶಾಲೆಗೆ ಹೊರಡುವಾಗ ಆಟಿಕೆಯೆಲ್ಲ ನೆಲದ ಮೇಲೆ ಚೆಲ್ಲಿರುತ್ತದೆ, ನಾನು ಬರಿದಾಗಿರುತ್ತೇನೆ. ಆಗ ಅವಳು ಅಡುಗೆಮನೆಗೆ ಓಡಿ, ಏದುಸಿರು ಬಿಡುತ್ತ ಎರಡೂ ಕೈಯಲ್ಲಿ ಗುಂಡಪ್ಪನನ್ನು ಹೊತ್ತು ತಂದು ನನ್ನೊಳಗೆ ಮಲಗಿಸುತ್ತಾಳೆ.

"ನಾ ಬರೂತನಕ ಇಂವ ಇರ್ತಾನ," ಎಂದು ನನ್ನ ಬೆನ್ನು ತಟ್ಟಿ ಹೋಗುತ್ತಾಳೆ.