ಗೇಟಿನ ಮುಂದೆ ಕೂತ ತಾಯಂದಿರು

ಬಾಳೆಎಲೆ ಬೇಯುವ ವಾಸನೆ, ಒಳ್ಳೆಯ ವಾಸನೆ, ಎಲೆ ಹೊದ್ದು ಪಾತ್ರೆಯೊಳಗೆ ಮಲಗಿದ ಮಟೋಕೆ ಬಾಳೆಕಾಯಿ ಇನ್ನೊಂದು ಸ್ವಲ್ಪ ಹೊತ್ತಿಗೆ ಹಳದಿಗೆ ತಿರುಗುತ್ತದೆ, ಮುಚ್ಚಳ ಎತ್ತಬೇಡ ಎಂದು ಎಷ್ಟು ಹೇಳಿದರೂ ತೆಯೋ ಎತ್ತುತ್ತಾಳೆ, ಮೊಮ್ಮಕ್ಕಳು ಬಂದರೂ ನನ್ನ ತಂಗಿಗೆ ತಾಳ್ಮೆ ಬರಲಿಲ್ಲ — ಹೊರಗೆ ಬೂಟಿನ ಸದ್ದು, ಗೇಟಿನ ಮುಂದೆ ಇವತ್ತು ಎರಡು ಪೊಲೀಸ್ ವಾಹನ, ನಿನ್ನೆ ಒಂದೇ ಇತ್ತು, ನನ್ನ ಬೆಲೆ ಏರುತ್ತಿದೆ. ನೀನು ಮನೇಲಿ ಕೂತ್ಕೊಳ್ಳೋಕೆ ಇಷ್ಟು ಡೀಸೆಲ್ ಸುಡ್ತಾರಲ್ಲ ಅಕ್ಕ, ಈ ದುಡ್ಡಲ್ಲಿ ನಮ್ಮ ರಸ್ತೆಗೆ ಡಾಂಬರು ಬರ್ತಿತ್ತು, ಅನ್ನುತ್ತಾಳೆ ತೆಯೋ. ಬೆಳಿಗ್ಗೆ ಸಭೆಗೆ ಹೊರಟಿದ್ದೆ, ಹೆಗಲು ಚೂಪಾದ ನೀಲಿ ಗೊಮೆಸಿ ಉಟ್ಟು, ಸೊಂಟಕ್ಕೆ ಪಟ್ಟಿ ಬಿಗಿದು, ಚರ್ಚಿನ ಬಯಲಲ್ಲಿ ತಾಯಂದಿರು ಕಾಯುತ್ತಿದ್ದರು, ಚುನಾವಣೆ ಮುಗಿದ ಮೇಲೆ ನಂಬರಿಲ್ಲದ ವ್ಯಾನುಗಳು ಹೊತ್ತೊಯ್ದ ಹುಡುಗರ ತಾಯಂದಿರು, ನಾನು ಅವರ ಸಂಸತ್ ಸದಸ್ಯೆ, ವಿರೋಧ ಪಕ್ಷದವಳು, ನಾನಲ್ಲದೆ ಇನ್ಯಾರು ಹೋಗಬೇಕು — ಗೇಟು ತೆಗೆದರೆ ಎದುರಿಗೆ ಅಧಿಕಾರಿ ಬಗಾಂಬೆ. ಮೇಡಂ, ನೀವು ಹೊರಗೆ ಹೋಗೋ ಹಾಗಿಲ್ಲ, ನಿಮ್ಮ ರಕ್ಷಣೆಗೋಸ್ಕರಾನೇ. ಯಾರಿಂದ ರಕ್ಷಣೆ? ಅದನ್ನ ನನಗೆ ಹೇಳಿಲ್ಲ. ಆದೇಶ ತೋರಿಸಪ್ಪ. ಆದೇಶ ಬಾಯಲ್ಲಿ ಬಂದಿದೆ ಮೇಡಂ. ಅಷ್ಟು ಪ್ರಾಮಾಣಿಕವಾಗಿ ಹೇಳಿದನಲ್ಲ, ಬಯ್ಯುವುದಕ್ಕೂ ಮನಸ್ಸು ಬರಲಿಲ್ಲ. ನೆಟ್‌ವರ್ಕ್ ಕಡಿದು ಊರಿನ ಫೋನೆಲ್ಲ ಸತ್ತಿವೆ, ಧ್ವನಿವರ್ಧಕವನ್ನು ನಿನ್ನೆಯೇ ಹೊತ್ತೊಯ್ದರು, ಹಾಗಾಗಿ ಕೂತಿದ್ದೇನೆ, ಕಡಲೆಕಾಯಿ ಬೀಜ ಕುಟ್ಟುತ್ತಾ, ಸಾರಿಗೆ, ಇಂಥ ದಿನ ಕೈಗೆ ಕೆಲಸ ಕೊಡಬೇಕು, ಇಲ್ಲದಿದ್ದರೆ ಸಿಟ್ಟು ಬೆರಳಿಗೆ ಇಳಿಯುತ್ತದೆ.

ಗೇಟು ಕಾಯುವವರಲ್ಲಿ ಒಬ್ಬಳು ಪೊಲೀಸ್ ಹುಡುಗಿ, ಅಚೇನ್ ಅಂತೆ ಹೆಸರು, ಉತ್ತರದ ಕಡೆಯವಳು, ಬಸುರಿ, ಸಮವಸ್ತ್ರದ ಗುಂಡಿಗಳು ಹೊಟ್ಟೆಯ ಮೇಲೆ ಕಷ್ಟಪಡುತ್ತಿವೆ, ಆಗಲೇ ಹಿತ್ತಿಲ ಬಾಗಿಲಿಗೆ ಬಂದಿದ್ದಳು, ನಾಚಿಕೊಂಡು, ಅಮ್ಮ, ಬಾತ್‌ರೂಮು... ತೆಯೋ ಒಂದು ಕ್ಷಣವೂ ಯೋಚಿಸಲಿಲ್ಲ, ಬಾ ಒಳಗೆ, ಬಂದೂಕು ಇಲ್ಲೇ ಇಡು, ಬೇಡ ಬೇಡ, ಜೊತೇಲೇ ತಗೊಂಡು ಹೋಗು ಮಾರಾಯ್ತಿ, ಆಮೇಲೆ ನಾವೇ ಕದ್ವಿ ಅಂತ ಕೇಸು ಹಾಕ್ತಾರೆ. ಹುಡುಗಿ ನಕ್ಕಳು, ನಕ್ಕಾಗ ಹದಿನಾರರ ಹಾಗೆ ಕಂಡಳು. ಹೋಗುವಾಗ ಕೇಳಿದಳು, ಅಮ್ಮ, ನೀವು ರೇಡಿಯೋದಲ್ಲಿ ಇದ್ರಂತೆ, ಹೌದಾ? ಹೌದಮ್ಮ, ಸತ್ತವರ ಹೆಸರು ಓದ್ತಿದ್ದೆ. ಅವಳು ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡಳು, ಹಾಗೆ ಹೇಳಬಾರದಿತ್ತು — ಆದರೆ ಅದೇ ನನ್ನ ಕೆಲಸವಾಗಿತ್ತು, ಪ್ರತಿ ಸಂಜೆ ಸಾವಿನ ಸುದ್ದಿ, ಊಟಕ್ಕೆ ಕೂತ ಮನೆಗಳೆಲ್ಲ ತುತ್ತು ಹಿಡಿದು ಕೇಳುತ್ತಿದ್ದವು, ಇಂಥ ಕುಲದ ಇಂಥವರು, ಇಂಥ ಹಳ್ಳಿಯಲ್ಲಿ ಮಣ್ಣು, ಹೆಸರನ್ನು ಕೊನೆಯ ಅಕ್ಷರದವರೆಗೂ ಓದಬೇಕು, ನುಂಗಬಾರದು, ನುಂಗಿದರೆ ಆ ಮನೆಯವರಿಗೆ ಇನ್ನೊಂದು ಸಲ ಸತ್ತ ಹಾಗೆ. ಮೆರವಣಿಗೆಯಲ್ಲಿ ಗುಂಡು ಬಿದ್ದ ಹುಡುಗನ ಸುದ್ದಿ ಬಂದ ದಿನ ರೇಡಿಯೋ ನಿಲಯದ ನಿರ್ದೇಶಕರು ಕಿಟಕಿಯ ಕಡೆ ನೋಡುತ್ತಾ ಹೇಳಿದ್ದರು, ಪ್ರಾಸ್ಕೋವಿಯಾ, ಅಪಘಾತ ಅಂತ ಓದಿಬಿಡು, ನಿನಗೂ ಒಳ್ಳೇದು ನನಗೂ ಒಳ್ಳೇದು. ಪ್ರಸಾರದ ಕೆಂಪು ದೀಪ ಹೊತ್ತಿತು, ನಾನು ಗುಂಡೇಟಿನಿಂದ ಎಂದು ಓದಿದೆ, ಧೈರ್ಯವೇನಲ್ಲ, ಹುಡುಗನ ಅಪ್ಪ ಗಾಜಿನಾಚೆ ನಿಂತಿದ್ದ, ಅವನ ಮುಖ ನೋಡುತ್ತಾ ಬೇರೆ ಪದ ಬಾಯಿಗೆ ಬರಲಿಲ್ಲ, ಮರುದಿನ ಕೆಲಸ ಹೋಯಿತು, ರಾಜಕೀಯ ಬಂತು. ಎರಡು ಸಲ ಸೋತೆ, ಎರಡು ಸಲ ಗೆದ್ದೆ, ನಡುವೆ ಒಂದು ಮಳೆಗಾಲ ಜೈಲು, ಮಂತ್ರಿಯ ಮುಂದೆ ಹೆಂಗಸರ ಪದ್ಧತಿಯಂತೆ ಮಂಡಿ ಊರಿ ನಮಸ್ಕಾರ ಮಾಡಲಿಲ್ಲವೆಂದು ಅತ್ತೆ ಸಾಯುವವರೆಗೆ ಮಾತು ಬಿಟ್ಟಿದ್ದರು, ಕಂಪಾಲಾದಲ್ಲಿ ಸದನದ ನಡುವೆ ನನ್ನ ಮೈಕು ಆರಿಸಿದರೆ ಮೈಕಿಲ್ಲದೆ ಮುಂದುವರಿಸಿದೆ, ಹಿಂದಿನ ಸಾಲಲ್ಲಿ ನಿದ್ದೆ ಮಾಡುತ್ತಿದ್ದವರೂ ಎದ್ದು ಕೂತರು, ಈ ಗಂಟಲೊಂದನ್ನು ಅವರಿಗೆ ಹೊತ್ತೊಯ್ಯಲು ಆಗಿಲ್ಲ —

ಏನದು, ಹಾಡಾ? ಹಾಡೇ, ಚರ್ಚಿನ ಕಡೆಯಿಂದ, ಹೆಂಗಸರ ದನಿ, ಹತ್ತಿರ ಬರುತ್ತಿದೆ, ತೆಯೋ ಮುಚ್ಚಳ ಹಿಡಿದು ನಿಂತುಬಿಟ್ಟಿದ್ದಾಳೆ, ಅಕ್ಕ, ಅವರು ಇಲ್ಲಿಗೇ ಬರ್ತಿದಾರೆ ಕಣೇ. ಬಂದರು, ಕೆಂಪು ಧೂಳಿನ ರಸ್ತೆ ತುಂಬ, ಚಾಪೆ ಬಗಲಲ್ಲಿಟ್ಟುಕೊಂಡು, ಗೇಟಿನ ಮುಂದೆಯೇ ಹಾಸಿ ಕೂತರು, ಮದುವೆ ಮನೆಗೆ ಬಂದವರ ಹಾಗೆ. ಬಗಾಂಬೆಯ ದನಿ ಏರಿತು, ಇಲ್ಲಿ ಸಭೆ ಮಾಡೋ ಹಾಗಿಲ್ಲ, ಏಳಿ. ಸಭೆ ಎಲ್ಲಿದೆ ಸ್ವಾಮಿ, ಊಟಕ್ಕೆ ಬಂದಿದೀವಿ, ವಾಸನೆ ಬರ್ತಿಲ್ವಾ ನಿಮಗೆ — ಅದು ನಕಿಬೂಕ, ಇದ್ದಿಲು ಮಾರುವವಳು, ವ್ಯಾನು ಹೊತ್ತೊಯ್ದ ಹುಡುಗ ಕಾಯೀಜ್ಜಿಯ ತಾಯಿ, ಅವಳ ನಾಲಿಗೆಗೆ ಯಾವ ಪೊಲೀಸೂ ಸಾಲುವುದಿಲ್ಲ. ಹೆಂಗಸರು ನಗುತ್ತಾರೆ, ಪೊಲೀಸರಲ್ಲೂ ಒಬ್ಬ ನಗುತ್ತಾನೆ, ನಾನು ಗೋಡೆ ಪಕ್ಕದ ನೀರಿನ ಡ್ರಮ್ಮನ್ನು ಬೋರಲು ಹಾಕಿ ಹತ್ತುತ್ತೇನೆ, ತೆಯೋ ಕಾಲು ಹಿಡಿದುಕೊಂಡಿದ್ದಾಳೆ, ಬಿದ್ದರೆ ಇಬ್ಬರೂ ಬೀಳ್ತೀವಿ ಅನ್ನುತ್ತಾ — ಹೊರಗೆ ಹೋಗಬಾರದು ಅಂದರು, ಹೋಗಿಲ್ಲ, ನನ್ನ ಮನೆಯಲ್ಲೇ ಇದ್ದೇನೆ. ಹೊತ್ತೊಯ್ದ ಹುಡುಗರ ಹೆಸರು ಹೇಳತೊಡಗಿದೆ, ಹಾಳೆ ಬೇಕಿಲ್ಲ, ಒಂದೊಂದೂ ನೆನಪಿದೆ, ಆದರೆ ಆ ಹಳೆಯ ದನಿಯಲ್ಲಲ್ಲ, ಸಂಜೆಯ ಸಾವಿನ ಸುದ್ದಿಯ ಆ ತಗ್ಗಿದ ದನಿ ಈ ಹೆಸರುಗಳ ಹತ್ತಿರ ಸುಳಿಯಬಾರದು, ಪ್ರತಿ ಹೆಸರಿನ ಕೊನೆಗೆ ದನಿ ಮೇಲಕ್ಕೆತ್ತಿದೆ, ಎಲ್ಲಿದ್ದಾನೆ? ಮನೆಗೆ ಬರಲಿ, ಅಂದರು ರಸ್ತೆಯವರು. ಇನ್ನೊಂದು ಹೆಸರು, ಎಲ್ಲಿದ್ದಾನೆ? ಮನೆಗೆ ಬರಲಿ. ಎದುರು ಅಂಗಡಿಯವನು ಬಾಗಿಲಿಗೆ ಬಂದ, ಬಾಡಿಗೆ ಬೈಕಿನವರು ಎಂಜಿನ್ ಆರಿಸಿದರು, ಬಯಲಲ್ಲಿ ಇಷ್ಟು ಜನ ಸೇರುತ್ತಿದ್ದರೋ ಇಲ್ಲವೋ, ನಾಚಿಕೆಯಿಲ್ಲದಷ್ಟು ಸಂತೋಷವಾಗುತ್ತಿದೆ ನನಗೆ, ಇಂಥ ಹೆಸರುಗಳನ್ನು ಹೇಳುವಾಗ ಸಂತೋಷ ಪಡಬಹುದೇ, ಪಡಬಹುದು, ಇಷ್ಟು ದನಿ ಕೇಳಿದರೆ ಯಾವ ಗೋಡೆಯ ಹಿಂದಿರುವ ಹುಡುಗನಿಗೂ ಸಂತೋಷವೇ ಆಗುತ್ತದೆ.

ಕಾಯೀಜ್ಜಿಯ ಹೆಸರು ಬಂದಾಗ ನಕಿಬೂಕ ಎದ್ದಳು, ಚೀಲದಿಂದ ಏನೋ ತೆಗೆದಳು, ಹ್ಯಾಂಗರಿಗೆ ಹಾಕಿದ ಬಿಳಿ ಅಂಗಿ, ಇಸ್ತ್ರಿ ಮಾಡಿದ್ದು. ಗೇಟಿನ ಸಂದಿಯಲ್ಲಿ ಅಚೇನ್ ನಿಂತಿದ್ದಾಳೆ, ಅವಳ ಕೈಗೇ ಕೊಟ್ಟಳು, ಮಗಾ, ಇದನ್ನ ಒಳಗೆ ಅಮ್ಮನಿಗೆ ಕೊಡು, ಅಂಥ ಹೆಸರಿನವನು ಹುಟ್ಟೇ ಇಲ್ಲ ಅಂತ ಸಂಸತ್ತಲ್ಲಿ ಮಂತ್ರಿ ಹೇಳಿದರಂತಲ್ಲ, ಅವರಿಗೆ ತೋರಿಸ್ಲಿ, ನನ್ನ ಮಗ ಇಷ್ಟೆತ್ತರ ಇದ್ದ, ಇಷ್ಟಗಲ ಇದ್ದ. ಬಗಾಂಬೆ ದೂರದಿಂದಲೇ, ಬಿಸಾಕು ಅದನ್ನ. ಅಚೇನ್ ಬಿಸಾಕಲಿಲ್ಲ, ಅಂಚು ಧೂಳಿಗೆ ತಾಗೀತೆಂದು ಕೈ ಇನ್ನಷ್ಟು ಮೇಲೆತ್ತಿದಳು, ಬಂದೂಕು ಹೆಗಲಿನಿಂದ ಜಾರಿ ಮೊಣಕೈಗೆ ಬಂತು. ಕೇಳಿಸ್ಲಿಲ್ವಾ ಅಚೇನ್? ಕೇಳಿಸ್ತು ಸಾರ್, ಅಂದಳು, ಅಷ್ಟೇ, ನಿಂತೇ ಇದ್ದಳು, ಬಗಾಂಬೆ ಒಂದು ಗಳಿಗೆ ನೋಡಿದ, ಆಮೇಲೆ ಸತ್ತ ಫೋನನ್ನು ಜೇಬಿನಿಂದ ತೆಗೆದು ಅದರಲ್ಲೇನೋ ಓದತೊಡಗಿದ — ಅವಳು ತಿರುಗಿದಳು, ಅಂಗಳದೊಳಕ್ಕೆ ಕಾಲಿಟ್ಟಳು, ಬಸುರಿಯ ನಿಧಾನದ ನಡಿಗೆ, ಮುಂದೆ ಚಾಚಿದ ಕೈಯಲ್ಲಿ ಅಂಗಿ, ಅವಳ ಮುಖ ಅದರ ಹಿಂದೆ ಮರೆಯಾಗಿದೆ, ಊರಾಚೆಯ ಸರೋವರದ ಗಾಳಿ ಅಂಗಿಯ ತೋಳುಗಳೊಳಗೆ ಹೊಕ್ಕಿದೆ, ನಾನು ಮುಂದಿನ ಹೆಸರು ಹೇಳಬೇಕು, ಬಾಯಿ ತೆರೆದಿದೆ, ಹೆಸರು ಬರುತ್ತಿಲ್ಲ, ಬರುತ್ತಿರುವುದು ಅಂಗಿ, ಒಬ್ಬ ಹುಡುಗನ ಎತ್ತರಕ್ಕೆ, ಬಿಳಿ ಅಂಗಿ, ತೋಳು ಬೀಸುತ್ತಾ, ನಮ್ಮ ಅಂಗಳದಲ್ಲಿ, ಬಿಳಿ ಅಂಗಿ, ನಡೆದು ಬರುತ್ತಿದೆ